ಬಾಗಿಲಿಗೆ ಅಡ್ಡವಾಗಿ ಒಂದು ಮಂಚ

ಬೀಗ ಹಾಕಿ ಹೊರಡುವ ಸಡಗರದಲ್ಲಿರುವ ಮಾನ್ಯ ವಲಸೆ ಅಧಿಕಾರಿಗಳೇ,

ಬರುವ ಜುಲೈ ಕೊನೆಗೆ ನನ್ನ ಅಕ್ಕ ತೇಜಿಂದರ್ ಹೆರುತ್ತಾಳೆ. ಅಷ್ಟರಲ್ಲಿ ನೀವು ಹಾಂಗ್‌ಕಾಂಗನ್ನು ಚೀನಾಕ್ಕೆ ಒಪ್ಪಿಸಿ ಹಡಗು ಹತ್ತಿರುತ್ತೀರಿ. ಹುಟ್ಟುವ ಮಗು ಯಾವ ದೇಶದ್ದು? ರಕ್ತ ಚೀನೀಯರದ್ದಲ್ಲವಾದ್ದರಿಂದ ಚೀನಾ ಅದನ್ನು ತನ್ನದೆನ್ನುವುದಿಲ್ಲ. ನಿಮ್ಮ ಪಾಸ್‌ಪೋರ್ಟ್ ಹಿಡಿದವರೆಂದು ಭಾರತ ನಮ್ಮ ಅಪ್ಪನ ಕಾಲಕ್ಕೇ ಕೈತೊಳೆದುಕೊಂಡಿದೆ. ಆ ಪಾಸ್‌ಪೋರ್ಟಿನಲ್ಲಿ ‘ಬ್ರಿಟಿಷ್’ ಎಂದು ಚಿನ್ನದ ಬಣ್ಣದ ಅಕ್ಷರದಲ್ಲಿದೆ. ಆದರೆ ಅದನ್ನು ಹಿಡಿದು ಬ್ರಿಟನ್ನಿನಲ್ಲಿ ನೆಲೆಸುವಂತಿಲ್ಲ. ಎಂಥ ಔದಾರ್ಯ! ಮನೆಯ ಚಿತ್ರ ನಮಗೆ ಕೊಟ್ಟು ಬೀಗದ ಕೈ ನೀವೇ ಇಟ್ಟುಕೊಂಡಿದ್ದೀರಿ.

ಕಳೆದ ವಾರ ಅಕ್ಕನೊಂದಿಗೆ ನಿಮ್ಮ ಕಚೇರಿಗೆ ಬಂದಿದ್ದೆ. ಕೌಂಟರಿನಲ್ಲಿದ್ದಾಕೆ ನನ್ನ ಪೇಟ ನೋಡಿ, “ಯಾಕೆ ತಲೆ ಕೆಡಿಸ್ಕೋತೀಯ ತಮ್ಮಾ? ನಿಮ್ಮೂರಿಗೆ ಹೋಗ್ಬಹುದಲ್ಲ?” ಎಂದು ನಕ್ಕಳು.

“ಹೋಗ್ತೀನಿ ಮೇಡಂ. ಕಡಲಡಿ ಸುರಂಗ ದಾಟಿದ್ರೆ ಯೌ ಮಾ ತೇ, ನಮ್ಮ ಮನೆ ಇರೋ ಕೇರಿ. ಬಸ್ಸು ಸಿಕ್ರೆ ಊಟದ ಹೊತ್ತಿಗೆ ಇರ್ತೀನಿ.”

ನಗು ನಿಂತಿತು. “ತೊಂದರೆ ಅಂತ ಆದ್ಮೇಲೆ ಬಾ. ಆಗ ಸಹಾನುಭೂತಿಯಿಂದ ಪರಿಶೀಲಿಸ್ತಾರೆ.”

ಆದ ಮೇಲೆ! ಆಗ ಆ ಕೌಂಟರಿನ ಹಿಂದೆ ಯಾರಿರುತ್ತಾರೆ ಸ್ವಾಮಿ?

ಪಕ್ಕದ ಮನೆಯ ಫೂನ್ ಅತ್ತೆ ಇದನ್ನೆಲ್ಲ ಕೇಳಿ, ಸೊಪ್ಪು ಬಿಡಿಸುತ್ತಲೇ, “ಹಂಗಾದ್ರೆ ಹೊಟ್ಟೇಲೇ ಇಟ್ಕೊಳ್ಳೇ ತೇಜಿ. ಅಲ್ಲಿ ಯಾರೂ ವೀಸಾ ಕೇಳಲ್ಲ” ಎಂದರು. ನಾವೆಲ್ಲ ನಕ್ಕೆವು. ಅಕ್ಕ ನಗಲಿಲ್ಲ.

ನಾನು ಅರ್ಧಕ್ಕೇ ಶಾಲೆ ಬಿಟ್ಟವನು, ಯಾವ ಕೆಲಸದಲ್ಲೂ ನೆಟ್ಟಗೆ ನಿಂತವನಲ್ಲ. ನಿಮ್ಮ ದೇಶದ ಮೇಲೆ ನನಗೆ ಆಸೆಯೂ ಇಲ್ಲ. ಅಲ್ಲಿಯ ಚಳಿ ನಿಮಗೇ ಇರಲಿ. ಆದರೆ ನನ್ನ ತಾತ ಹಜಾರಾ ಸಿಂಗರನ್ನು ಪಂಜಾಬಿನಿಂದ ಕರೆತಂದದ್ದು ನಿಮ್ಮವರು. ನಿಮ್ಮವರ ಗೋದಾಮಿಗೆ ಅವರು ಕಾವಲುಗಾರರಾಗಿದ್ದರು. ಕಣ್ಣು ಮುಚ್ಚದೆ ಕಾದರು ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಗೊರಕೆ ಹೊಡೆಯುತ್ತಿದ್ದರಂತೆ. ಆದರೆ ಹಗ್ಗದ ಮಂಚವನ್ನು ಬಾಗಿಲಿಗೆ ಅಡ್ಡ ಹಾಕಿ ಮಲಗುತ್ತಿದ್ದರು. ಒಳಗೆ ಹೋಗುವವನಿರಲಿ, ಹೊರಗೆ ಬರುವವನಿರಲಿ, ಅವರನ್ನು ದಾಟಲೇಬೇಕು. ಬದಲಿ ಆಳು ಬರುವವರೆಗೆ ಮಂಚ ಎತ್ತುತ್ತಿರಲಿಲ್ಲ.

ಈಗ ಯಜಮಾನರೇ ಸಾಮಾನು ಕಟ್ಟುತ್ತಿದ್ದೀರಿ. ಧ್ವಜಕ್ಕೆ, ಬೆಳ್ಳಿಯ ತಟ್ಟೆಗಳಿಗೆ, ಕುದುರೆ ಪಂದ್ಯದ ಕಪ್ಪುಗಳಿಗೆ ಪೆಟ್ಟಿಗೆ ಸಿಕ್ಕಿದೆ. ಕಾವಲುಗಾರನ ಮರಿಮಗುವಿಗೆ ಕಾನೂನಿನಲ್ಲಿ ಒಂದು ಸಾಲು ಸಿಗುವುದಿಲ್ಲವೇ? ಊರನ್ನೇ ಕೈಬದಲಾಯಿಸುವಾಗ ಇಲ್ಲಿಯ ಒಬ್ಬರನ್ನಾದರೂ ಕೇಳಿದಿರಾ?

ಸಹಾನುಭೂತಿ ಬೇಡ. ಹೊರಡುವ ಮೊದಲು ಆ ಮಗುವಿಗೆ ಒಂದು ದೇಶ ಬರೆದುಕೊಡಿ. ಬೇಡಿಕೆ ಅಷ್ಟೇ.

ಈಗಲೂ ಅದೇ ಮಂಚದ ಮೇಲೆ ಮಲಗುವ ತಾತನಿಗೆ ಈ ಪತ್ರ ಓದಿ ಹೇಳಿದೆ. “ಜಾಸ್ತಿ ಬೈಬೇಡ ಪುಟ್ಟಾ, ದೊಡ್ಡೋರು” ಎಂದರು. ಕೂತಲ್ಲೇ ಕೈಯಾಡಿಸಿ, “ಮಂಚದ ಹಗ್ಗ ಜೋತು ಬಿದ್ದಿದೆ ನೋಡು, ಬಿಗಿ ಮಾಡು” ಎಂದರು.

ಬಿಗಿ ಮಾಡಿದ್ದೇನೆ. ಉತ್ತರ ಬಾರದಿದ್ದರೆ, ನೀವು ಹೊರಡುವ ಜೂನ್ ಕೊನೆಯ ದಿನ ಅದು ನಿಮ್ಮ ಕಚೇರಿಯ ಬಾಗಿಲಿಗೆ ಅಡ್ಡ ಇರುತ್ತದೆ, ಅದರ ಮೇಲೆ ತಾತ ಮಲಗಿರುತ್ತಾರೆ. ದಾಟಿಕೊಂಡು ಹೋಗಿ.

ಇಂತಿ,
ಸದ್ಯಕ್ಕೆ ನಿಮ್ಮವನೆಂದು ಪಾಸ್‌ಪೋರ್ಟ್ ಮಾತ್ರ ಹೇಳುತ್ತಿರುವ
ಜಗ್ತಾರ್ ಸಿಂಗ್
ಯೌ ಮಾ ತೇ, ಹಾಂಗ್‌ಕಾಂಗ್
ಜನವರಿ 1997