ಚಂದಮ್ಮನ ದಾಖಲೆ ಇತ್ತು

ಜೂನ್ 9, ಸೋಮವಾರ. ಬೆಳಿಗ್ಗೆ 11
ಮತ್ತೆ ಅದೇ. ಒಂದು ಹೆಸರು ಹುಡುಕಲು ನಲವತ್ತು ಸೆಕೆಂಡು. ಕೌಂಟರ್ ಮುಂದೆ ಸಾಲು. ಬಸವಕಲ್ಯಾಣದ ನಮ್ಮ ಹೆರಿಗೆ ಆಸ್ಪತ್ರೆಯ ಮೂವತ್ತು ವರ್ಷದ ದಾಖಲೆ, ಪದರದೊಳಗೆ ಪದರವಾಗಿ, ಎಲ್ಲ ಎಕ್ಸ್‌ಎಂಎಲ್ ಡೇಟಾಬೇಸ್‌ನಲ್ಲಿ. ಹುಡುಕುವ ಆಜ್ಞೆ, ಅಂದರೆ ಕ್ವೆರಿ, ಪ್ರತಿ ಕಡತದ ಮೂಲೆಮೂಲೆ ಜಾಲಾಡುತ್ತದೆ — ಅದಕ್ಕೇ ತಡ. ನೇರ ದಾರಿ ಕೊಡಬೇಕು: ಹೆರಿಗೆ, ಅದರೊಳಗೆ ತಾಯಿ, ಅದರೊಳಗೆ ಹೆಸರು. ಮೇಲೊಂದು ಇಂಡೆಕ್ಸ್, ಪುಸ್ತಕದ ಕೊನೆಯ ಪದಸೂಚಿಯಂತೆ.

ಜೂನ್ 11, ಸಂಜೆ
ಹೊಸ ಕ್ವೆರಿ: ಅರ್ಧ ಸೆಕೆಂಡು! ಇಪ್ಪತ್ತು ಹೆಸರು ಹಾಕಿ ನೋಡಿದೆ, ಎಲ್ಲ ಸಿಕ್ಕವು. ಹುಮನಾಬಾದ್ ಮುಖ್ಯ ಕಚೇರಿಯಿಂದ ಕಲ್ಲಿನಾಥ ಸರ್ ಫೋನ್. "ಮಹಜಬೀನ್, ಕಮಾಲ್ ಮಾಡಿದ್ರಿ ನೋಡ್ರಿ! ಇಪ್ಪತ್ತಕ್ಕ ಮೀಟಿಂಗ್ ಅದ. ಎಲ್ಲಾರ ಮುಂದ ತೋರಸ್ರಿ."

ಜೂನ್ 16
ಕೊಹಿನೂರದ ಚಂದಮ್ಮ ಎರಡನೇ ಸಲ ಬಂದರು. ಮಗಳು ಸಾಕ್ಷಿಗೆ ನರ್ಸಿಂಗ್ ಸೀಟು ಸಿಕ್ಕಿದೆ. ಜನನ ನೋಂದಣಿ ಆಗಿಲ್ಲ, ಆಸ್ಪತ್ರೆಯ ದಾಖಲೆ ಬೇಕು. ಇಪ್ಪತ್ತೈದು ಕೊನೆ ದಿನ. ಹುಡುಕಿದೆ. ಸಿಗಲಿಲ್ಲ.
"ಬ್ಯಾರೆ ದವಾಖಾನ್ಯಾಗ ಹಡದಿರಬೇಕು ನೋಡ್ರಿ," ಅಂದೆ. ಸಾಲಿನವರು ನಕ್ಕರು. ನಾನೂ… ಸ್ವಲ್ಪ.
"ಹಡದಾಕಿ ನಾ. ಎಲ್ಲಿ ಹಡದೀನಿ ಅಂತ ಮರೀತೀನೇನ್ರಿ?"
ಸಾಲು ಬಿಟ್ಟು ಹೋದರು.

ಜೂನ್ 18, ಮಧ್ಯಾಹ್ನ 3
ಮನಸ್ಸು ತಡೆಯಲಿಲ್ಲ. ಹಳೆಯ ಕ್ವೆರಿ ಓಡಿಸಿದೆ. ನಲವತ್ತು ಸೆಕೆಂಡು. ಚಂದಮ್ಮ, ಕೊಹಿನೂರ, 2007. ಅವಳಿ ಹೆರಿಗೆ.
ಅವಳಿ ದಾಖಲೆಗಳಲ್ಲಿ ತಾಯಿಯ ಹೆಸರು ಇನ್ನೊಂದು ಪದರದ ಒಳಗಿದೆ. ನನ್ನ ನೇರ ದಾರಿ ಅಲ್ಲಿಗೆ ಹೋಗುವುದೇ ಇಲ್ಲ. ನಾನು ನೋಡಿದ ಇಪ್ಪತ್ತರಲ್ಲಿ ಒಂದೂ ಅವಳಿ ಇರಲಿಲ್ಲ.
ಈಗ ಹೇಳಿದರೆ ಮೀಟಿಂಗ್… ಶುಕ್ರವಾರ ಮುಗಿಯಲಿ. ಆಮೇಲೂ ಐದು ದಿನ ಇದೆ.

ಜೂನ್ 20, ಹುಮನಾಬಾದ್
ಚಪ್ಪಾಳೆ. ಶಾಲು. ಹೊದಿಸಿಕೊಂಡೆ.

ಜೂನ್ 30
ಹತ್ತು ದಿನ ಬರೆಯಲಿಲ್ಲ. ಯಾರಿಗೂ ಹೇಳಲೂ ಇಲ್ಲ. ನಾಳೆ, ನಾಳೆ ಅಂದೆ. ಇಪ್ಪತ್ತೈದು ಕಳೆದುಹೋಯಿತು.
ಇವತ್ತು ಅವಳಿ ದಾಖಲೆಗಳ ದಾರಿಯನ್ನೂ ಸೇರಿಸಿದೆ. ಈಗ ಒಂದು ಸೆಕೆಂಡು. ಹತ್ತು ನಿಮಿಷದ ಕೆಲಸ. ಹತ್ತೇ ನಿಮಿಷ.

ಜುಲೈ 1
ಕೊಹಿನೂರಕ್ಕೆ ಹೋಗಿ ಬಂದೆ. ಚಂದಮ್ಮನ ಕೈಗೆ ದಾಖಲೆಯ ಪ್ರತಿ ಕೊಟ್ಟೆ. ಎಲ್ಲ ಹೇಳಿದೆ — ಹದಿನೆಂಟಕ್ಕೇ ಗೊತ್ತಾಗಿತ್ತು ಅಂತಲೂ. ಬೈಯುತ್ತಾರೆ ಅಂದುಕೊಂಡೆ.
"ಎರಡನೇ ಕೂಸಿಂದೂ ಬರದಾರೇನ್ರಿ ಇದರಾಗ?"
ಓದಿ ಹೇಳಿದೆ. ಗಂಡು. ಆರು ತಾಸು ಬದುಕಿತ್ತು.
"ಹೌದ್ರಿ. ಆರು ತಾಸು." ಕಾಗದದ ಮೇಲೆ ಕೈಯಾಡಿಸಿದರು. ಚಹಾ ಕೊಟ್ಟರು.
ಸಾಕ್ಷಿ ಬಾಗಿಲಲ್ಲೇ ನಿಂತಿದ್ದಳು. "ಸೀಟು ಹೋತ್ರಿ. ಮುಂದಿನ ವರ್ಷ ನೋಡ್ತೀನಿ. ನಮ್ಮಂಗ ಇನ್ನ ಎಷ್ಟು ಮಂದಿಗಿ ಇಲ್ಲ ಅಂದೀರಿ?"
ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಎಣಿಸಿಯೇ ಇರಲಿಲ್ಲ.

ಜುಲೈ 2, ಬೆಳಿಗ್ಗೆ 10
ಹುಡುಕಾಟಗಳೆಲ್ಲ ದಾಖಲಾಗುವ ಲಾಗ್ ತೆಗೆದೆ. ಸಿಗಲಿಲ್ಲ ಎಂದು ಬಂದ ಹೆಸರುಗಳನ್ನೆಲ್ಲ ಮತ್ತೆ ಹುಡುಕಿದೆ. ಇನ್ನೂ ಏಳು ತಾಯಂದಿರು.
ಕಲ್ಲಿನಾಥ ಸರ್‌ಗೆ ಹೇಳಿದೆ. "ಮಷಿನ್ ಗಲತಿ ಅನ್ರಿ, ಮುಗೀತು."
"ಇಲ್ರಿ ಸರ್. ನಂದ ಗಲತಿ."
ಫೋನ್ ಇಟ್ಟರು.
ಮೊದಲು ಹುಲಸೂರಿನ ಇಶ್ರತ್. ನಂಬರ್ ಅರ್ಜಿಯಲ್ಲಿದೆ. ಎರಡು ಸಲ ಒತ್ತಿ ಕಟ್ ಮಾಡಿದೆ. ಏನು ಹೇಳಬೇಕೆಂದು ಇಲ್ಲಿ ಬರೆದುಕೊಂಡು ಆಮೇಲೆ ಮಾಡುತ್ತೇನೆ —
ಇಶ್ರತ್ ಬಾಜಿ, ನಿಮ್ಮ ದಾಖಲೆ ಇತ್ರಿ. ಇಲ್ಲ ಅಂದಾಕಿ ನಾನ. ನಾನು…