ಆರನೇ ಕಂಬದಲ್ಲಿ ನಿಂತ ಎಣಿಕೆ

ಪಕ್ಷಿಧಾಮದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನವೆಂಬರಿನಲ್ಲಿ ತೀರಿಕೊಂಡ ನನ್ನ ಯಜಮಾನರು ಡಿಸೆಂಬರ್, ಜನವರಿ, ಫೆಬ್ರವರಿ, ಮೂರು ತಿಂಗಳೂ ತಪ್ಪದೆ ನಿಮ್ಮ ಕೆರೆಗೆ ಬಂದು ಹಕ್ಕಿ ಎಣಿಸಿದ್ದಾರೆ. ಹಾಗೆಂದು ನಿಮ್ಮ ಕಚೇರಿಯೇ ಮೊಹರು ಒತ್ತಿ ಹೇಳಿದೆ. ಮೂರು ಸಲ ಕೆರೆಗೆ ಬಂದವರು ಒಂದು ಸಲ ಮನೆಗೂ ಬಂದು ಹೋಗಬಹುದಿತ್ತು.

ಅವರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಹೊಟ್ಟೆಪಾಡಿಗೆ ಗಡಿಯಾರ, ಹುಚ್ಚಿಗೆ ಹಕ್ಕಿ. ಹತ್ತೊಂಬತ್ತು ವರ್ಷ, ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಏರಿಯ ಮೇಲಿನ ಹನ್ನೆರಡು ಕಂಬಗಳಲ್ಲಿ ಒಂದೊಂದರ ಹತ್ತಿರವೂ ಹತ್ತು ನಿಮಿಷ ನಿಂತು, ಕಂಡದ್ದನ್ನು ನಿಮ್ಮದೇ ಹಾಳೆಯಲ್ಲಿ ಬರೆದು, ಸಹಿ ಹಾಕಿ ಕೊಡುತ್ತಿದ್ದರು. “ನೀವು ಎಣಿಸದಿದ್ರೆ ಅವೇನು ಹಾರೋದು ಮರೆತುಬಿಡ್ತಾವಾ?” ಎಂದು ನಾನು ರೇಗಿಸುತ್ತಿದ್ದೆ. ಏನೂ ಕಾಣದ ಕಂಬದ ಎದುರು ಖಾಲಿ ಬಿಡದೆ ಸೊನ್ನೆ ಬರೆಯುವುದು ಅವರ ಪದ್ಧತಿ. “ಸೊನ್ನೆನೂ ಎಣಿಕೆನೇ ಕಣೇ. ಖಾಲಿ ಬಿಟ್ರೆ ಯಾರೂ ಹೋಗಿ ನೋಡೇ ಇಲ್ಲ ಅಂತ ಆಗುತ್ತೆ,” ಎನ್ನುತ್ತಿದ್ದರು.

ನವೆಂಬರಿನ ಆ ಭಾನುವಾರ ಅರ್ಧಕ್ಕೇ ವಾಪಸು ಬಂದರು. ಹಾಳೆಯ ಕೊನೆಯ ಷರಾ ಅಂಕಣದಲ್ಲಿ ಪ್ರಾಮಾಣಿಕವಾಗಿ ಬರೆದೂ ಇದ್ದರು: “ಕೆಮ್ಮು ಜಾಸ್ತಿ. ಆರನೇ ಕಂಬದವರೆಗೆ ಮಾತ್ರ ಎಣಿಸಿದೆ.” ಒಂಬತ್ತು ದಿನಕ್ಕೆ ಹೋಗಿಬಿಟ್ಟರು.

ಅವರ ಕೊರಳಲ್ಲಿ ನೇತಾಡುತ್ತಿದ್ದ ದುರ್ಬೀನು ನಿಮ್ಮ ಇಲಾಖೆಯ ಸ್ವತ್ತು. ಅದನ್ನು ಹಿಂತಿರುಗಿಸಲು ಕಳೆದ ವಾರ ಬಂದಾಗ ಗೇಟಿನ ಪಕ್ಕದ ಫಲಕದಲ್ಲಿ ಮೂರು ಹೊಸ ಹಾಳೆ ಕಂಡವು. ಮೂರರಲ್ಲೂ ನಾಮದ ಕೋಳಿ ಇನ್ನೂರ ಹನ್ನೆರಡು, ನೀರುಕಾಗೆ ಮೂವತ್ತೇಳು. ಮೂರರ ಕೆಳಗೂ ಎಣಿಸಿದವರೆಂದು ನನ್ನ ಯಜಮಾನರ ಹೆಸರು. ಮೂರರ ಷರಾದಲ್ಲೂ ಅದೇ ಕೆಮ್ಮು.

ಒಳಗಿದ್ದ ಗುಮಾಸ್ತರನ್ನು ಕೇಳಿದೆ. ಪಾಪ, ಕುರ್ಚಿ ಕೊಟ್ಟು ಕೂರಿಸಿದರು.

“ಎಣಿಸೋಕೆ ಯಾರೂ ಬರ್ಲಿಲ್ಲಮ್ಮಾ. ಮೇಲಿಂದ ಫೋನ್ ಮೇಲೆ ಫೋನ್. ಹಳೇ ಹಾಳೆ ನೋಡ್ಕೊಂಡು ಟೈಪ್ ಮಾಡಿದ್ವಿ.”

“ಕೆಮ್ಮನ್ನೂನಾ?”

“ಇದ್ದದ್ದನ್ನ ಇದ್ದ ಹಾಗೇ ಹಾಕ್ಬೇಕಲ್ವಾ. ಒಂದಕ್ಷರ ಬಿಟ್ರೂ ಸಾಹೇಬರು ಬೈತಾರೆ.”

ನನಗೆ ಅಳು ಬರಲಿಲ್ಲ. ಕೋಪ ಬರಬೇಕಾದ ಜಾಗದಲ್ಲೂ ಸದ್ಯ ಏನೂ ಬರುತ್ತಿಲ್ಲ. ದುರ್ಬೀನು ಕೊಡುವುದನ್ನೂ ಮರೆತು ಹೊರಗೆ ಬಂದೆ.

ಆದರೆ ಕಣ್ಣು ಕಾಣುತ್ತದಲ್ಲ ಸ್ವಾಮಿ. ನಡಿಗೆ ಪಥ ಕಟ್ಟಲೆಂದು ಡಿಸೆಂಬರಿನಲ್ಲೇ ತೂಬು ತೆರೆದು ನೀರನ್ನೆಲ್ಲ ಹೊರಗೆ ಬಿಟ್ಟಿದ್ದೀರಿ. ಕೆರೆಯಂಗಳ ಬಿರುಕು ಬಿಟ್ಟಿದೆ, ಅದರ ಮೇಲೆ ಜಲ್ಲಿಯ ಲಾರಿ ಓಡಾಡುತ್ತಿದೆ. ಇನ್ನೂರ ಹನ್ನೆರಡು ನಾಮದ ಕೋಳಿಗಳು ಈಜುತ್ತಿರುವುದು ಯಾವುದರಲ್ಲಿ? ನಿಮ್ಮ ಮಸಿಯ ಕುಡಿಕೆಯಲ್ಲೇ? ಅದೇ ಫಲಕದ ಪ್ರಕಟಣೆ ಹೇಳುತ್ತದೆ: ಪಕ್ಷಿಗಳ ಸಂಖ್ಯೆಯಲ್ಲಿ ಇಳಿಕೆ ಕಂಡುಬಂದಿಲ್ಲವಾದ್ದರಿಂದ ಎರಡನೇ ಹಂತದ ಕಾಮಗಾರಿ ಮುಗಿಯುವವರೆಗೆ, ಅಂದರೆ ಬರುವ ವರ್ಷದ ತನಕ, ತೂಬು ತೆರೆದೇ ಇರುತ್ತದೆ. ಬದುಕಿದ್ದಷ್ಟು ದಿನ ಆ ಕೆರೆಯನ್ನು ಕಾದ ಮನುಷ್ಯನ ಹೆಸರಿನಿಂದಲೇ ಅದನ್ನು ಒಣಗಿಸುತ್ತಿದ್ದೀರಿ. ಸತ್ತವರಿಂದ ಇಷ್ಟೊಂದು ಕೆಲಸ ತೆಗೆಯುವ ಕಚೇರಿ ಬದುಕಿರುವ ಸಿಬ್ಬಂದಿಗೆ ಸಂಬಳವನ್ನಾದರೂ ಯಾಕೆ ಕೊಡಬೇಕು?

ಮೊನ್ನೆ, ಮಾರ್ಚಿನ ಮೊದಲ ಭಾನುವಾರ, ನಾನೇ ಹೋದೆ. ನನಗೆ ಹಕ್ಕಿಗಳ ಗುರುತು ಅಷ್ಟಾಗಿ ಇಲ್ಲ; ಅಂದು ಅದರಿಂದ ತೊಂದರೆಯೇನೂ ಆಗಲಿಲ್ಲ. ಒಂದೊಂದು ಕಂಬಕ್ಕೂ ಹತ್ತು ನಿಮಿಷ ನಿಂತೆ. ನಾಲ್ಕನೇ ಕಂಬದಲ್ಲಿ ಪಂಪಿನ ಪೈಪಿನ ಮೇಲೆ ಒಂದು ಮಿಂಚುಳ್ಳಿ ಕೂತಿತ್ತು. ಆರನೇ ಕಂಬದಲ್ಲಿ ಸ್ವಲ್ಪ ಹೆಚ್ಚೇ ನಿಂತೆ. ಮಿಕ್ಕ ಕಡೆಯೆಲ್ಲ ಸೊನ್ನೆ, ಹನ್ನೆರಡನೆಯದರವರೆಗೂ. ಖಾಲಿ ಬಿಟ್ಟಿಲ್ಲ, ಸೊನ್ನೆಯನ್ನೇ ಬರೆದಿದ್ದೇನೆ.

ಆ ಹಾಳೆಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಅದನ್ನು ಅದೇ ಫಲಕದಲ್ಲಿ ಹಾಕಿಸಿ, ತೂಬು ಮುಚ್ಚಿಸಿ. ಸುಳ್ಳು ಹಾಳೆ ಮೂರನ್ನೂ ರದ್ದುಪಡಿಸಿ, ಎಣಿಸುವವರು ನವೆಂಬರಿನಲ್ಲೇ ತೀರಿಕೊಂಡರೆಂದು ನಿಮ್ಮ ಮೇಲಿನವರಿಗೆ ಲಿಖಿತವಾಗಿ ತಿಳಿಸಿ. ಮನೆಯಲ್ಲಿ ಅವರ ಕೆಮ್ಮು ನಿಂತು ನಾಲ್ಕು ತಿಂಗಳಾಯಿತು. ನಿಮ್ಮ ಕಡತದಲ್ಲೂ ಇನ್ನು ನಿಲ್ಲಲಿ.

ಇಂತಿ,
ದುರ್ಬೀನನ್ನು ಇನ್ನೂ ಹಿಂತಿರುಗಿಸದ,
ಗಡಿಯಾರದವರ ಹೆಂಡತಿ