"ಮೇಡಂಗೆ ಏನು ಬೇಕಂತೆ?"

ಮಾರ್ಚ್ 4, ಮಂಗಳವಾರ

ಇವತ್ತೂ ಅದೇ ಕಷಾಯ. ವರ್ವೇನ್ ಎಲೆ ಹಾಕಿದ ಬಿಸಿನೀರು. ಬಣ್ಣ ನೋಡಿದರೇ ಆಸ್ಪತ್ರೆ ನೆನಪಾಗುತ್ತದೆ.

ಮಾರ್ಕೆಟ್ ಮುಗಿಸಿ ಚೌಕದ ಕೆಫೆಗೆ ಹೋದೆವು. ಕಿಟಕಿ ಪಕ್ಕದ ಮೇಜು. ವೇಟರ್ ಗಾಯೆತಾಂ ಬಂದ. ನನ್ನ ಕಡೆ ಒಂದು ನಗು ಎಸೆದು ಅರ್ಮಾಂ ಕಡೆ ತಿರುಗಿದ. "ಮೇಡಂಗೆ ಏನು ಬೇಕಂತೆ?"

ಬೇಕಂತೆ! ನಾನೇನು ಪಕ್ಕದ ಊರಿನಲ್ಲಿದ್ದೇನೆಯೇ? ಎದುರಿಗೇ ಕೂತಿದ್ದೇನೆ. ಕಿವಿ ಚೆನ್ನಾಗಿದೆ, ತಲೆ ಚೆನ್ನಾಗಿದೆ, ಬರೆಯುವ ಕೈ ಚೆನ್ನಾಗಿದೆ. ಡಿಸೆಂಬರಿನ ಸ್ಟ್ರೋಕ್ ಕಿತ್ತುಕೊಂಡದ್ದು ಮಾತನ್ನು ಮಾತ್ರ. ಹೇಳಬೇಕಾದ್ದು ತಲೆಯಲ್ಲಿ ನೆಟ್ಟಗೆ ನಿಂತಿರುತ್ತದೆ, ನಾಲಿಗೆಗೆ ಇಳಿಯುವಷ್ಟರಲ್ಲಿ ಕಲಸುಮೇಲೋಗರ.

ಅರ್ಮಾಂ, ನನ್ನ ಗಂಡ — ಒಳ್ಳೆಯವನು, ಅದೇ ತೊಂದರೆ — ಒಂದು ಕ್ಷಣ ತಡಮಾಡಲಿಲ್ಲ. "ನಂಗೊಂದು ಎಸ್ಪ್ರೆಸೊ. ಅವಳಿಗೆ ವರ್ವೇನ್ ಸಾಕಪ್ಪ."

ಕಷಾಯದ ಜೊತೆ ಗಾಯೆತಾಂ ಸ್ಟ್ರಾ ತಂದಿಟ್ಟ. ಕುದಿಯುವ ಕಷಾಯಕ್ಕೆ ಸ್ಟ್ರಾ! ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಇಡೀ ಕೆಫೆಗೆ ಕೇಳುವ ಹಾಗೆ: "ಬಿಸಿ... ಇದೆ... ಮೇಡಂ!"

ಇವನಿಗೆ ಕಾರು ಓಡಿಸಲು ಕಲಿಸಿದ್ದು ನಾನು. ನಮ್ಮ ದಿಜೋಂ ಊರಿನ ಅರ್ಧ ಜನಕ್ಕೆ ಕಲಿಸಿದ್ದೇನೆ. ಇವನು ಎರಡು ಸಲ ಫೇಲಾದ. ಆಗ ನಾನು ಬಗ್ಗಿ ಕಿವಿಯಲ್ಲಿ ಕೂಗಿದ್ದೆನೇ? ...ಕೂಗಿದ್ದೆ. ಅದು ಬೇರೆ ವಿಷಯ.

ಮಾರ್ಚ್ 6, ಗುರುವಾರ

ಸೊಲೆನ್ ಹತ್ತಿರ ಹೋಗಿದ್ದೆ. ಮಾತಿನ ಥೆರಪಿ. ಐವತ್ತು ದಾಟಿದ ಹೆಂಗಸು, ಮುಲಾಜಿನವಳಲ್ಲ.

"ಇವತ್ತು ಹವಾ ಚೆನ್ನಾಗಿದೆ ಅನ್ನೋ ಪಾಠ ಸಾಕು, ಉಗೆತ್. ನಿಮಗೆ ನಿಜವಾಗ್ಲೂ ಹೇಳ್ಬೇಕು ಅನ್ಸೋದು ಯಾವ್ದು? ಬರೀರಿ."

ಬರೆದೆ: ಒಂದು ನ್ವಾಜೆತ್, ದಯವಿಟ್ಟು.

"ಇಷ್ಟೇನಾ?"

ಇಷ್ಟೇನಾ ಅಂದರೆ? ಪುಟ್ಟ ಕಪ್ಪು, ಕಡು ಕಾಫಿ, ಮೇಲೆ ಹಾಲು ಒಂದೇ ತೊಟ್ಟು. ಎರಡು ಪಾಠಗಳ ನಡುವೆ ಕಾರು ಅಡ್ಡಾದಿಡ್ಡಿ ನಿಲ್ಲಿಸಿ, ಕೌಂಟರಿಗೆ ಮೊಣಕೈ ಊರಿ ನಿಂತೇ ಕುಡಿಯುತ್ತಿದ್ದೆ. ಡಾಕ್ಟರು ಬೇಡ ಎಂದಿಲ್ಲ. ದಿನಕ್ಕೊಂದು ಆಗಬಹುದು ಎಂದು ಅರ್ಮಾಂ ಎದುರಿಗೇ ಹೇಳಿದ್ದಾರೆ. ಅವನಿಗೆ ಕೇಳಿಸಲಿಲ್ಲವಂತೆ. ಈಗ ಕಿವಿ ಹೋಗಿರುವುದು ಯಾರಿಗೆ?

ಅಭ್ಯಾಸ. "ನ್ವಾ" ಎಂದು ಹೊರಟದ್ದು "ಮ್ವಾ" ಎಂದು ಹೊರಬಿತ್ತು. ಮ್ವಾ ಅಂದರೆ ನಮ್ಮ ಫ್ರೆಂಚಿನಲ್ಲಿ 'ನಾನು'. ಒಂದು ನಾನು, ದಯವಿಟ್ಟು!

ಸೊಲೆನ್ ಮುಖ ಗಂಭೀರ ಮಾಡಿ, "ಸ್ಟಾಕ್ ಇದ್ರೆ ಕೊಡ್ತಾರೇನೋ, ಕೇಳಿ ನೋಡಿ" ಎಂದಳು.

ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮಾರ್ಚ್ 11, ಮಂಗಳವಾರ

ಪೆನ್ನು ಒತ್ತಿ ಹಾಳೆ ಹರಿದಿದೆ. ಸಿಟ್ಟಿಗೆ, ಕಾಯಿಲೆಗಲ್ಲ.

ಬೆಳಿಗ್ಗೆ ಕನ್ನಡಿಯ ಮುಂದೆ ಚೆನ್ನಾಗಿಯೇ ಬಂದಿತ್ತು. ಕೆಫೆಯಲ್ಲಿ ಗಾಯೆತಾಂ ಬಂದ ಕೂಡಲೇ ಕೈ ಎತ್ತಿದೆ. ನನ್ನ ಕಡೆ ನೋಡಿದ. ಸರಿ. "ಒ... ಒಂ..." ಎಂದೆ. ಪಕ್ಕದ ಮೇಜಿನ ಇಬ್ಬರು ಪತ್ರಿಕೆ ಇಳಿಸಿದರು. ಪರವಾಗಿಲ್ಲ. "ಒಂದು... ನ್..." ಇನ್ನೇನು ಬಂತು, ತುಟಿಯ ತುದಿಗೆ ಬಂತು —

"ವರ್ವೇನ್," ಅಂದ ಅರ್ಮಾಂ. "ಅವಳಿಗೆ ಸುಸ್ತಾಗಿದೆ."

ಸುಸ್ತು! ಕಷಾಯ ಬಂತು. ಎತ್ತಿ ಕಿಟಕಿಯ ಹೂಕುಂಡಕ್ಕೆ ಸುರಿದೆ. ಎಲ್ಲರೂ ನೋಡುತ್ತಿದ್ದಾಗಲೇ.

ಗಾಯೆತಾಂ ಅರ್ಮಾಂ ಭುಜ ತಟ್ಟಿದ. "ಪಾಪ, ಕಷ್ಟ ನಿಮ್ಗೆ, ಸರ್."

ಯಾರಿಗೆ ಕಷ್ಟ? ಯಾರಿಗೆ?

ಮಾರ್ಚ್ 12, ಬುಧವಾರ

ಅಡುಗೆಮನೆಯಲ್ಲಿ ಜಗಳ. ನಾನು ಸ್ಲೇಟಿನಲ್ಲಿ, ಅವನು ಬಾಯಲ್ಲಿ. ನಾನು ಒಂದು ಸಾಲು ಬರೆಯುವಷ್ಟರಲ್ಲಿ ಅವನದು ಹತ್ತು ಮುಗಿದಿರುತ್ತದೆ. ಇದು ನ್ಯಾಯವೇ?

ಬರೆದೆ: ನನ್ನ ಮಾತು ನೀನು ಯಾಕೆ ನುಂಗುತ್ತೀಯ?

ಎರಡು ಸಲ ಓದಿದ. ಆಮೇಲೆ, "ಅವರೆಲ್ಲ ನಿನ್ನ ಬಾಯನ್ನೇ ನೋಡ್ತಾ ಇರ್ತಾರಲ್ಲ... ಅದು ನನ್ನ ಕೈಲಿ ನೋಡಕ್ಕಾಗಲ್ಲ, ಉಗೆತ್. ಅದಕ್ಕೇ ಬೇಗ ಮುಗಿಸಿಬಿಡ್ತೀನಿ."

ಅಂದರೆ ಕಾಪಾಡುತ್ತಿದ್ದದ್ದು ತನ್ನನ್ನು. ಅವನ ಕಣ್ಣು ಒದ್ದೆಯಾಗಿತ್ತು. ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಅವನ ಕಣ್ಣೀರು ಒರೆಸುವ ಕೆಲಸವೂ ಈಗ ನನ್ನದೇ?

ಒರೆಸಿದೆ. ಸಿಟ್ಟಿನಲ್ಲೇ.

ಏಪ್ರಿಲ್ 3, ಗುರುವಾರ

ಇಷ್ಟು ದಿನ ಬರೆಯಲಿಲ್ಲ. ಕೆಫೆಗೂ ಹೋಗಲಿಲ್ಲ. ಅರ್ಮಾಂ ಮನೆಗೇ ಕಾಫಿ ಮಷೀನು ತಂದಿಟ್ಟಿದ್ದಾನೆ. ಗುಂಡಿ ಒತ್ತಿದರೆ ನ್ವಾಜೆತ್. "ಇನ್ನು ಯಾರ ಹಂಗೂ ಬೇಡ, ಬಾಯೇ ಬಿಡಬೇಕಾಗಿಲ್ಲ" ಎಂದು ಹೆಮ್ಮೆಯಿಂದ ಹೇಳಿದ.

ಬಾಯೇ ಬಿಡಬೇಕಾಗಿಲ್ಲ.

ಕಾಫಿ ಚೆನ್ನಾಗಿಯೇ ಇದೆ. ಅದು ಇನ್ನೂ ಸಿಟ್ಟು ಬರಿಸುತ್ತದೆ. ಮೂರು ವಾರದಲ್ಲಿ ಸೊಲೆನ್ ಬಿಟ್ಟರೆ ಬೇರೆ ಯಾರೂ ನನ್ನನ್ನು ಏನೂ ಕೇಳಿಲ್ಲ. ಬೇಕರಿಯಲ್ಲಿ ಬೆರಳು ತೋರಿಸುತ್ತೇನೆ, ಬ್ರೆಡ್ ಬರುತ್ತದೆ. ಪಕ್ಕದ ಮನೆಯಾಕೆ ಅರ್ಮಾಂನನ್ನು ಕೇಳುತ್ತಾಳೆ, "ಹೇಗಿದಾಳೆ ಈಗ?" ನಾನು ಅಲ್ಲೇ ಕಸದ ಚೀಲ ಹಿಡಿದು ನಿಂತಿರುತ್ತೇನೆ.

ಏಪ್ರಿಲ್ 5, ಶನಿವಾರ

ಹೋದೆ. ಒಬ್ಬಳೇ. ಅರ್ಮಾಂ ಸ್ನಾನಕ್ಕೆ ಇಳಿದಾಗ ಕೋಟು ಹಾಕಿಕೊಂಡು ಹೊರಟೆ.

ಮಾರ್ಕೆಟ್ ದಿನ, ಕೆಫೆ ಕಿಕ್ಕಿರಿದಿತ್ತು. ಕಿಟಕಿಯ ಮೇಜು ಬೇಡವೆನಿಸಿತು. ನೇರ ಕೌಂಟರಿಗೆ ಹೋಗಿ ಮೊಣಕೈ ಊರಿ ನಿಂತೆ.

ಗಾಯೆತಾಂ ನನ್ನ ಹಿಂದೆ ಹುಡುಕಿದ. "ಸರ್ ಎಲ್ಲಿ? ಬರ್ಲಿಲ್ವಾ?"

ತಲೆ ಅಲ್ಲಾಡಿಸಿದೆ. ಉಸಿರು ಎಳೆದುಕೊಂಡೆ. "ಒಂದು..."

"ವರ್ವೇನ್?"

ಅಲ್ಲ. "ಒಂದು ಮ್..."

"ಮೆಂಥ್? ಮಿಂಟ್ ಸಿರಪ್ಪಾ? ಅಲ್ವಾ? ಚಾಕೊಲೇಟ್? ಹಾಲು? ಬರೀ ನೀರಾ, ಮೇಡಂ?"

ಹಿಂದಿನಿಂದ ಒಬ್ಬ, ಬುಟ್ಟಿ ತುಂಬ ಮೂಲಂಗಿ ಹಿಡಿದವನು, "ಏಯ್, ನಂಗೊಂದು ಗ್ಲಾಸ್ ಬಿಯರ್ ಹಾಕಯ್ಯ, ಆಮೇಲೆ ಆಡ್ಕೊಳ್ಳಿ ಒಗಟು" ಎಂದ. ಗಾಯೆತಾಂ ಕೈ ಬಿಯರಿನ ನಲ್ಲಿಗೆ ಹೋಯಿತು. ಬಾಯಿ ಮಾತ್ರ ನಿಲ್ಲಲಿಲ್ಲ. "ಸೂಪಾ? ಟೀನಾ? ಟಾಯ್ಲೆಟ್ಟಾ?"

ಟಾಯ್ಲೆಟ್ಟಾ!

ಕೌಂಟರಿಗೆ ಅಂಗೈಯಿಂದ ಬಡಿದೆ. ಎಲ್ಲಿಂದ ಬಂತೋ ತಿಳಿಯದು — ಅಖಂಡವಾಗಿ, ಸ್ಪಷ್ಟವಾಗಿ, ನನ್ನ ಹಳೆಯ ಗಂಟಲಿನಲ್ಲಿ:

"ಬ್ರೇಕ್ ಹಾಕೋ!"

ಗಾಯೆತಾಂನ ಬಲಗಾಲು ನೆಲಕ್ಕೆ ಅಪ್ಪಳಿಸಿತು. ಕಣ್ಣಾರೆ ನೋಡಿದೆ. ಕೌಂಟರಿನ ಹಿಂದೆ, ಇಲ್ಲದ ಪೆಡಲ್ ಮೇಲೆ. ಬಿಯರ್ ಅವನ ಮಣಿಕಟ್ಟಿನ ಮೇಲೆ ಹರಿಯಿತು. ಕೆಫೆಯೇ ಗಪ್‌ಚಿಪ್.

ನನಗೂ ಗಾಬರಿ. ಆದರೆ ಆ ಮೌನ ನನ್ನದಾಗಿತ್ತು. ಬಿಟ್ಟುಕೊಡಲಿಲ್ಲ.

"ಒಂದು." ಉಸಿರು. "ನ್..." ತುಟಿ ಮುಚ್ಚಬಾರದು, ನಾಲಿಗೆ ಹಲ್ಲಿನ ಹಿಂದೆ. ಮೂಲಂಗಿಯವನು ಕೆಮ್ಮಿದ. ಗಾಯೆತಾಂ ಅವನ ಕಡೆ ಬೆರಳೆತ್ತಿದ, ಕಣ್ಣು ನನ್ನ ಮೇಲೇ. "ನಿಧಾನಕ್ಕೆ ಮೇಡಂ. ನಾನು ಇಲ್ಲೇ ಇದೀನಿ." ಮೆಲ್ಲಗೆ ಹೇಳಿದ. ಕೂಗಲಿಲ್ಲ.

"ನ್ವಾ... ಜೆತ್."

'ದಯವಿಟ್ಟು' ಬರಲಿಲ್ಲ. ಬಂದಿದ್ದರೂ ಹೇಳುತ್ತಿರಲಿಲ್ಲ.

ಕಪ್ಪು ಬಂತು. ಒಂದು ಗುಟುಕು. ಹಾಲು ಜಾಸ್ತಿ! ಇಷ್ಟೆಲ್ಲ ಆದ ಮೇಲೆ ಈ ತಿಳಿ ಬಣ್ಣದ ನೀರೇ? ಒಂದೇ ಬೆರಳಿನಿಂದ ಕಪ್ಪನ್ನು ಹಿಂದಕ್ಕೆ ತಳ್ಳಿದೆ.

"ಹಾಲು ಜಾಸ್ತಿ ಆಯ್ತಾ?" ತಲೆಯಾಡಿಸಿದೆ. "ಒಂಚೂರೂ ಬದಲಾಗಿಲ್ಲ ನೀವು," ಎಂದು ಗೊಣಗುತ್ತ ಮಷೀನಿನ ಕಡೆ ತಿರುಗಿದ. ಕಿವಿ ಕೆಂಪಾಗಿತ್ತು.

ಎರಡನೆಯದು ಸರಿಯಿತ್ತು.

ಏಪ್ರಿಲ್ 6, ಭಾನುವಾರ

ಅರ್ಮಾಂ ನಿನ್ನೆ ಬೀದಿ ಬೀದಿ ಹುಡುಕಿದ್ದನಂತೆ, ಒದ್ದೆ ಕೂದಲಲ್ಲೇ. ತಪ್ಪು ನನ್ನದು, ಒಪ್ಪಿದೆ. ಆಮೇಲೆ ಸ್ಲೇಟಿನಲ್ಲಿ ಎಲ್ಲ ಬರೆದು ತೋರಿಸಿದೆ. ಬ್ರೇಕಿನ ಸಾಲು ಓದಿ ನಗಲಿಲ್ಲ.

"ಅವನು ಕಾಯ್ದನಾ?"

ಹೂಂ.

"ನಾನು ಕಾಯಲಿಲ್ಲ," ಎಂದ. ಎದ್ದು ಹೋಗಿ ಪಾತ್ರೆ ತೊಳೆದ. ತೊಳೆದಿದ್ದವನ್ನೂ ಮತ್ತೆ ತೊಳೆದ. ಕಾಯುವುದು ಇವನಿಗೆ ಬರುತ್ತದೆಯೋ ಇಲ್ಲವೋ. ಕಲಿಸಬೇಕು. ಇದಕ್ಕಿಂತ ದಡ್ಡರಿಗೆ ಕಲಿಸಿದ್ದೇನೆ.

ಜೂನ್ 14, ಶನಿವಾರ, ಬೆಳಿಗ್ಗೆ

ಸೆಖೆ. ಅರ್ಮಾಂ ಟೋಪಿ ಹಾಕಿಕೊಂಡು ಮೆಟ್ಟಿಲ ಬಳಿ ನಿಂತಿದ್ದಾನೆ. ಈಚೆಗೆ ಕೆಫೆಯಲ್ಲಿ ಮೇಜಿನ ಅಂಚು ಗಟ್ಟಿಯಾಗಿ ಹಿಡಿದು, ಚಾವಣಿ ನೋಡುತ್ತ ಬಾಯಿ ಮುಚ್ಚಿಕೊಂಡಿರುತ್ತಾನೆ. ಹೋದ ವಾರ ಎರಡು ಸಲ ಬಾಯಿ ಜಾರಿತು. ಮೇಜಿನ ಕೆಳಗೇ ಅವನ ಕಾಲಿಗೊಂದು ಒದೆ ಕೊಟ್ಟೆ.

ಈಗ ಕೂಗುತ್ತಿದ್ದಾನೆ: "ಉಗೆತ್! ಏನ್ ತಗೋತೀಯ ಇವತ್ತು?"

ಇಲ್ಲಿಂದಲೇ ತಿಳಿದುಕೊಂಡು ಹೋಗಬೇಕೇ ಸಾಹೇಬರಿಗೆ? ಹೇಳುವುದಿಲ್ಲ. ಅಲ್ಲಿ ಕೇಳಿಸಿಕೊಳ್ಳಲಿ. ಈ ಸೆಖೆಗೆ ಬಿಸಿ ಬೇಡ. ಹಿಂಡಿದ ನಿಂಬೆರಸ, ಐಸು, ಸಕ್ಕರೆ ಬೇರೆ — ಸಿತ್ರೋಂ ಪ್ರೆಸ್ಸೆ. ಎಂಥ ಕೆಟ್ಟ ಹೆಸರು ಇಟ್ಟಿದ್ದಾರೆ! ಒತ್ತಕ್ಷರದ ಮೇಲೆ ಒತ್ತಕ್ಷರ. ಒಂದು ಸಲವೂ ಅಭ್ಯಾಸ ಮಾಡಿಲ್ಲ.

ಗಟ್ಟಿಯಾಗಿ ಹೇಳಿ ನೋಡಿದೆ. "ಸಿ..." ಬಂತು. "ಸಿತ್..."

ಕೆಳಗಿನಿಂದ, "ಏನಂದೆ?"

ತಡಿ ಮಾರಾಯ. ಇನ್ನೊಂದು ಸಲ... ಸಿತ್ರೋಂ ಪ್—